ಕ್ಲಿಪ್ ಆರ್ಟ್

ಕ್ಲಿಪ್ ಆರ್ಟ್ ಎಂದರೆ ಮುದ್ರಣದಲ್ಲಾಗಲಿ ಗಣಕದ ಕಡತಗಳಲ್ಲಾಗಲಿ ಮತ್ತೆ ಮತ್ತೆ ಬಳಸಿಕೊಳ್ಳಲೆಂದೇ ಮೊದಲೇ ಸಿದ್ಧಪಡಿಸಿ ಒದಗಿಸುವ ಚಿತ್ರಗಳ ಸಂಗ್ರಹ. ಸ್ವತಃ ಚಿತ್ರ ಬರೆಯಲು ಬಾರದವರು, ಕಲಾವಿದರಿಗೆ ಸಂಭಾವನೆ ಕೊಡುವ ಶಕ್ತಿ ಇಲ್ಲದವರು ಆಹ್ವಾನ ಪತ್ರಿಕೆ, ಕರಪತ್ರ, ಶಾಲಾ ಸಂಚಿಕೆ, ಅಂಗಡಿಯ ಜಾಹೀರಾತು ಮೊದಲಾದವುಗಳಿಗೆ ಇಂತಹ ಚಿತ್ರಗಳನ್ನು ಬಳಸುತ್ತಾರೆ. 1980ರ ದಶಕದಲ್ಲಿ ಮನೆಬಳಕೆಯ ಗಣಕಗಳು ಮಾರುಕಟ್ಟೆಗೆ ಬಂದಾಗ ಕ್ಲಿಪ್ ಆರ್ಟ್ ಪುಸ್ತಕದ ಹಾಳೆಯಿಂದ ಫ್ಲಾಪಿ ತಟ್ಟೆಗೆ ವರ್ಗವಾಯಿತು. 1990ರ ದಶಕದಲ್ಲಿ ಸಿಡಿಗೆ, ಅಲ್ಲಿಂದ ಅಂತರಜಾಲಕ್ಕೆ ಸಾಗಿತು. ಕರ್ನಾಟಕದಲ್ಲಿ ಇದರ ಬಳಕೆ ಮುಖ್ಯವಾಗಿ ಡಿಟಿಪಿ ಕೇಂದ್ರಗಳು ಮತ್ತು ಸಣ್ಣ ಮುದ್ರಣಾಲಯಗಳ ಮೂಲಕ ಹರಡಿತು.

ಹೆಸರು ಮತ್ತು ಹಿನ್ನೆಲೆ

ಹೆಸರಿನಲ್ಲಿರುವ "ಕ್ಲಿಪ್" ಎಂಬುದಕ್ಕೆ ಕತ್ತರಿಸು ಎಂದರ್ಥ. ಗಣಕಕ್ಕೂ ಮುನ್ನ ಪತ್ರಿಕಾ ಕಚೇರಿಗಳಲ್ಲಿ ಪುಟವನ್ನು ಕೈಯಿಂದಲೇ ಕಟ್ಟುತ್ತಿದ್ದರು. ಅಕ್ಷರಗಳ ಪಟ್ಟಿಗಳನ್ನೂ ಚಿತ್ರಗಳನ್ನೂ ಕತ್ತರಿಯಿಂದ ಕತ್ತರಿಸಿ, ರಟ್ಟಿನ ಮೇಲೆ ಅಂಟಿಸಿ, ಆ ಪುಟದ ಛಾಯಾಚಿತ್ರ ತೆಗೆದು ಮುದ್ರಣದ ಫಲಕವನ್ನು ಸಿದ್ಧಪಡಿಸುವ ಕ್ರಮವಿತ್ತು. ಹೀಗೆ ಕತ್ತರಿಸಿ ಅಂಟಿಸಲೆಂದೇ ಚಿತ್ರಗಳ ಪುಸ್ತಕಗಳು ಮಾರಾಟವಾಗುತ್ತಿದ್ದವು. ನ್ಯೂಯಾರ್ಕಿನ ಡೋವರ್ ಪ್ರಕಾಶನದ ಚಿತ್ರಸಂಪುಟಗಳು ಇವುಗಳಲ್ಲಿ ಹೆಚ್ಚು ಹೆಸರಾದವು. ಹತ್ತೊಂಬತ್ತನೆಯ ಶತಮಾನದ ಮರದಚ್ಚಿನ ಚಿತ್ರಗಳು, ಅಂಚುಗಳು, ಅಲಂಕಾರಿಕ ಅಕ್ಷರಗಳು ಅವುಗಳಲ್ಲಿದ್ದವು. ಒಂದು ಪ್ರಕಟಣೆಯಲ್ಲಿ ಕೆಲವೇ ಚಿತ್ರಗಳನ್ನು, ಸಾಮಾನ್ಯವಾಗಿ ಹತ್ತರ ಒಳಗೆ, ಬಳಸುವುದಾದರೆ ಪ್ರತ್ಯೇಕ ಅನುಮತಿ ಬೇಡವೆಂಬ ಸೂಚನೆಯನ್ನು ಪುಸ್ತಕದಲ್ಲೇ ಮುದ್ರಿಸಲಾಗುತ್ತಿತ್ತು. ಮುಂದೆ ಗಣಕದ ಚಿತ್ರತಟ್ಟೆಗಳಿಗೆ ಅಂಟಿಕೊಂಡು ಬಂದ ಪರವಾನಗಿ ಪತ್ರಗಳ ಮೂಲರೂಪ ಇದೇ ಎನ್ನಬಹುದು.

ಕನ್ನಡ ನಾಡಿನ ಅಚ್ಚುಕೂಟಗಳಲ್ಲಿಯೂ ಇದಕ್ಕೆ ಸಮಾನವಾದ ಪದ್ಧತಿ ಇತ್ತು. ಮೊಳೆ ಜೋಡಿಸುವ ಕಾಲದ ಮುದ್ರಣಾಲಯದಲ್ಲಿ ಗಣಪತಿ, ಪೂರ್ಣಕುಂಭ, ಬಾಳೆಕಂದು, ಓಲಗ ಊದುವವರು, ಕೈಜೋಡಿಸಿದ ಹಸ್ತಗಳು ಮುಂತಾದ ಚಿತ್ರಗಳ ಸತುವಿನ ಅಥವಾ ಮರದ "ಬ್ಲಾಕ್"ಗಳು ಒಂದು ಪೆಟ್ಟಿಗೆಯಲ್ಲಿರುತ್ತಿದ್ದವು. ಲಗ್ನಪತ್ರಿಕೆ ಯಾರದೇ ಇರಲಿ, ತಲೆಯ ಮೇಲೆ ಕೂರುತ್ತಿದ್ದ ಗಣಪತಿ ಒಬ್ಬನೇ. ಹೊಸ ಬ್ಲಾಕ್ ಮಾಡಿಸಲು ನಗರದ ಬ್ಲಾಕ್ ತಯಾರಕರಿಗೆ ಚಿತ್ರ ಕಳಿಸಿ ಹಣ ತೆತ್ತು ಕಾಯಬೇಕಾಗಿದ್ದುದರಿಂದ ಸಣ್ಣ ಊರಿನ ಮುದ್ರಕರು ಇದ್ದ ಬ್ಲಾಕನ್ನು ಸವೆಯುವ ತನಕ ಬಳಸುತ್ತಿದ್ದರು. ಇನ್ನೊಂದು ಅಗ್ಗದ ದಾರಿಯೆಂದರೆ ತಮಿಳುನಾಡಿನ ಶಿವಕಾಶಿಯಲ್ಲಿ ಬಣ್ಣದಲ್ಲಿ ಅಚ್ಚಾಗಿ ಬರುವ ಖಾಲಿ ಕಾರ್ಡುಗಳು. ದೇವರ ಚಿತ್ರ, ಅಂಚು ಎಲ್ಲ ಅಲ್ಲಿಯೇ ಮುದ್ರಣವಾಗಿರುತ್ತದೆ. ವಧೂವರರ ಹೆಸರು, ಮುಹೂರ್ತ, ಸ್ಥಳವನ್ನು ಮಾತ್ರ ಊರಿನ ಅಚ್ಚುಕೂಟ ಸೇರಿಸುತ್ತದೆ. ಈ ಪದ್ಧತಿ ಇಂದಿಗೂ ಉಳಿದಿದೆ.

ಆರಂಭಿಕ ಗಣಕಗಳ ಮಿತಿ

ಆರಂಭದ ಗೃಹಗಣಕಗಳಲ್ಲಿ ಚಿತ್ರ ದುಬಾರಿಯಾಗಲು ಎರಡು ಕಾರಣಗಳಿದ್ದವು. ಕಲಾವಿದನ ಶ್ರಮ ಒಂದು. ಅದಕ್ಕಿಂತ ಬಿಗಿಯಾದುದು ಸ್ಮೃತಿಕೋಶದ ಕೊರತೆ. 1982ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಸಿಂಕ್ಲೇರ್ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಗಣಕದ ಪರದೆಯಲ್ಲಿ ಅಡ್ಡಲಾಗಿ 256, ಉದ್ದಕ್ಕೆ 192 ಚುಕ್ಕಿಗಳಿದ್ದವು. ಒಂದು ಪರದೆಯ ಚಿತ್ರಕ್ಕೆ 6,912 ಬೈಟು ಬೇಕಾಗುತ್ತಿತ್ತು: ಚುಕ್ಕಿಗಳಿಗೆ 6,144, ಬಣ್ಣಕ್ಕೆ 768. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಪ್ರತಿ ಚೌಕದಲ್ಲಿ ಎರಡೇ ಬಣ್ಣಗಳಿಗೆ ಅವಕಾಶವಿತ್ತು. ಕೆಂಪು ಹೂವಿನ ಪಕ್ಕದ ಹಸಿರು ಎಲೆ ಅದೇ ಚೌಕಕ್ಕೆ ಬಂದರೆ ಹಿನ್ನೆಲೆಯ ಬಣ್ಣ ಕೆಡುತ್ತಿತ್ತು. ಚಿತ್ರವನ್ನು ಸಾಮಾನ್ಯ ಧ್ವನಿಸುರುಳಿಯ ಕ್ಯಾಸೆಟ್ಟಿನಿಂದ ಓದಿಸುವಾಗ ಒಂದು ಪರದೆ ತುಂಬಲು ಸುಮಾರು 40 ಸೆಕೆಂಡು ಹಿಡಿಯುತ್ತಿತ್ತು. ಅದೇ ಕಾಲದ ಆಪಲ್ 2 ಗಣಕದ ಪರದೆ 280ಕ್ಕೆ 192, ಕಮೊಡೋರ್ 64ರದು 320ಕ್ಕೆ 200. ಐಬಿಎಂ ಪಿಸಿಯ ಸಿಜಿಎ ಫಲಕದಲ್ಲಿ 320ಕ್ಕೆ 200 ಚುಕ್ಕಿಗಳ ಚಿತ್ರಕ್ಕೆ ನಾಲ್ಕೇ ಬಣ್ಣ. 1984ರ ಮೆಕಿಂಟಾಷ್‌ನಲ್ಲಿ ಕಪ್ಪು ಬಿಳುಪಿನ ಹೊರತು ಬೇರೆ ಬಣ್ಣವೇ ಇರಲಿಲ್ಲ. ಆದರೆ 512ಕ್ಕೆ 342 ಚುಕ್ಕಿಗಳ ಅದರ ಪರದೆ ಚೊಕ್ಕಟವಾಗಿತ್ತು.

ಈ ಮಿತಿಯೊಳಗೆ ಚಿತ್ರವೆಂದರೆ ಸಂಖ್ಯೆಗಳ ಪಟ್ಟಿ. ಸ್ಪೆಕ್ಟ್ರಮ್‌ನಲ್ಲಿ ಬಳಕೆದಾರರು ತಾವೇ ರೂಪಿಸಬಹುದಾದ 21 ಚಿಹ್ನೆಗಳಿಗೆ ಸ್ಥಳವಿತ್ತು. ಒಂದೊಂದು ಚಿಹ್ನೆಗೆ ಎಂಟು ಸಾಲು, ಸಾಲಿಗೊಂದು ಸಂಖ್ಯೆ. ಉದಾಹರಣೆಗೆ 24, 60, 126, 255, 255, 126, 60, 24 ಎಂಬ ಎಂಟು ಸಂಖ್ಯೆಗಳನ್ನು ಕೊಟ್ಟರೆ ಪರದೆಯ ಮೇಲೆ ತುಂಬಿದ ವಜ್ರಾಕೃತಿ ಮೂಡುತ್ತದೆ. ಮೊದಲ ಸಾಲಿನ 24 ಎಂಬುದು ದ್ವಿಮಾನ ಪದ್ಧತಿಯಲ್ಲಿ 00011000; ಅಂದರೆ ನಡುವಿನ ಎರಡು ಚುಕ್ಕಿ ಮಾತ್ರ ಬೆಳಗುತ್ತವೆ. 255ರಲ್ಲಿ ಎಂಟೂ ಬೆಳಗುತ್ತವೆ. ಚೌಕುಳಿ ಹಾಳೆಯ ಮೇಲೆ ಮನೆಗಳನ್ನು ತುಂಬಿ, ಸಾಲುಸಾಲಾಗಿ ಕೂಡಿಸಿ ಸಂಖ್ಯೆ ಕಂಡುಕೊಳ್ಳುವುದು ಅಂದಿನ ಬಳಕೆದಾರರ ಸಾಮಾನ್ಯ ಅಭ್ಯಾಸವಾಗಿತ್ತು. ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವವರಿಗೆ ಈ ಲೆಕ್ಕ ಅಪರಿಚಿತವೆನಿಸದು. ರಂಗೋಲಿಯಲ್ಲಿ ಗೆರೆ ಚುಕ್ಕಿಗಳನ್ನು ಸುತ್ತಿ ಸಾಗುತ್ತದೆ, ಗಣಕದಲ್ಲಿ ಚುಕ್ಕಿಯೇ ಚಿತ್ರ.

ಚಿತ್ರಗಳನ್ನು ಪಡೆಯುತ್ತಿದ್ದ ದಾರಿಗಳು

ಅತಿ ಅಗ್ಗದ ದಾರಿ ಬೆರಳಚ್ಚು. ಗಣಕ ಪತ್ರಿಕೆಗಳು ಬೇಸಿಕ್ ಭಾಷೆಯ ಕಾರ್ಯಕ್ರಮಗಳನ್ನು ಇಡಿಯಾಗಿ ಅಚ್ಚು ಮಾಡುತ್ತಿದ್ದವು. ಅವುಗಳ ಕೊನೆಯಲ್ಲಿ "ಡೇಟಾ" ಎಂಬ ಪದದಿಂದ ಆರಂಭವಾಗುವ ಉದ್ದುದ್ದ ಸಂಖ್ಯಾಸಾಲುಗಳು ಚಿತ್ರಗಳಾಗಿರುತ್ತಿದ್ದವು. ಪತ್ರಿಕೆಯ ಬೆಲೆಯಷ್ಟೇ ಖರ್ಚು. ಆದರೆ ನೂರಾರು ಸಂಖ್ಯೆಗಳಲ್ಲಿ ಒಂದು ತಪ್ಪಿದರೂ ಚಿತ್ರದಲ್ಲಿ ಎಲ್ಲೋ ಒಂದು ಕಡೆ ಗೀಟು ಬೀಳುತ್ತಿತ್ತು.

ಹಣ ಕೊಟ್ಟು ಕೊಳ್ಳುವ ಚಿತ್ರಸಂಗ್ರಹಗಳಲ್ಲಿ ಮೊದಲಿನವುಗಳಲ್ಲೊಂದು 1983ರಲ್ಲಿ ಐಬಿಎಂ ಪಿಸಿಗಾಗಿ ಬಂದ ವಿಸಿಎನ್ ಎಕ್ಸಿಕ್ಯುವಿಷನ್. ಇದು ಕಚೇರಿಯ ಭಾಷಣ ಪ್ರದರ್ಶನಕ್ಕೆ ಉದ್ದೇಶಿಸಿದ ತಂತ್ರಾಂಶ. ಇದರ ಜೊತೆ ಬಳಸಲು ಚಿತ್ರಗಳ ತಟ್ಟೆಗಳನ್ನು ಬೇರೆಯಾಗಿ ಮಾರಲಾಗುತ್ತಿತ್ತು. ಮನೆಗಳಿಗೆ ಕ್ಲಿಪ್ ಆರ್ಟನ್ನು ತಲುಪಿಸಿದ ಕೀರ್ತಿ ಮಾತ್ರ 1984ರ "ದಿ ಪ್ರಿಂಟ್ ಶಾಪ್"ಗೆ ಸಲ್ಲಬೇಕು. ಡೇವಿಡ್ ಬಾಲ್ಸಮ್ ಮತ್ತು ಮಾರ್ಟಿನ್ ಕಾನ್ ರೂಪಿಸಿದ, ಬ್ರೋಡರ್‌ಬಂಡ್ ಸಂಸ್ಥೆ ಪ್ರಕಟಿಸಿದ ಈ ತಂತ್ರಾಂಶ ಮೊದಲು ಆಪಲ್ 2 ಗಣಕಕ್ಕೆ ಬಂದು ನಂತರ ಇತರ ಗಣಕಗಳಿಗೂ ಹರಡಿತು. ಶುಭಾಶಯ ಪತ್ರ, ಅಂಚೆ ಕಾಗದದ ತಲೆಬರಹ, ಭಿತ್ತಿಪತ್ರ, ಮಡಿಸಿದ ಹಾಳೆಗಳನ್ನು ಸಾಲಾಗಿ ಜೋಡಿಸಿದ ಬ್ಯಾನರ್ ಇವುಗಳನ್ನು ಡಾಟ್ ಮ್ಯಾಟ್ರಿಕ್ಸ್ ಮುದ್ರಕದಲ್ಲಿ ಯಾರು ಬೇಕಾದರೂ ತೆಗೆಯಬಹುದಾಯಿತು. ಇದರ ಒಂದು ಚಿತ್ರ 88 ಚುಕ್ಕಿ ಅಗಲ, 52 ಚುಕ್ಕಿ ಎತ್ತರ. ಒಟ್ಟು 572 ಬೈಟು. ಇಂದಿನ ಕೈಫೋನಿನ ಒಂದು ಛಾಯಾಚಿತ್ರದ ಜಾಗದಲ್ಲಿ ಇಂತಹ ಸಾವಿರಾರು ಚಿತ್ರಗಳು ಹಿಡಿಯುತ್ತವೆ. ಹೆಚ್ಚುವರಿ ಚಿತ್ರಗಳ "ಗ್ರಾಫಿಕ್ಸ್ ಲೈಬ್ರರಿ" ತಟ್ಟೆಗಳು ಪ್ರತ್ಯೇಕವಾಗಿ ದೊರೆಯುತ್ತಿದ್ದವು. ತಂತ್ರಾಂಶದೊಳಗೇ ಚಿತ್ರ ತಿದ್ದುವ ಸೌಕರ್ಯವಿದ್ದುದರಿಂದ ಬಳಕೆದಾರರು ತಮ್ಮ ಚಿತ್ರಗಳನ್ನು ಮಾಡಿ ಪರಸ್ಪರ ಹಂಚಿಕೊಳ್ಳತೊಡಗಿದರು.

ಮೆಕಿಂಟಾಷ್‌ನ ಜೊತೆ ಬಂದ ಮ್ಯಾಕ್‌ಪೇಂಟ್ ತಂತ್ರಾಂಶವನ್ನು ಬಿಲ್ ಆಟ್ಕಿನ್ಸನ್ ಬರೆದರು. ಅದರ ಪುಟದ ಅಳತೆ 576ಕ್ಕೆ 720 ಚುಕ್ಕಿ. ಚುಕ್ಕಿಗೊಂದು ಬಿಟ್‌ನಂತೆ ಲೆಕ್ಕ ಹಾಕಿದರೆ ಒಂದು ಪುಟ 51,840 ಬೈಟು. ಅಂದಿನ 400 ಕಿಲೋಬೈಟಿನ ತಟ್ಟೆಯಲ್ಲಿ ಏಳು ಪುಟ ಹಿಡಿದರೆ ಮುಗಿಯಿತು. ಆದ್ದರಿಂದ ಒಂದೇ ಬಗೆಯ ಬೈಟುಗಳು ಸಾಲಾಗಿ ಬಂದಾಗ ಅವನ್ನು ಎಣಿಕೆಯಾಗಿ ಬರೆದಿಡುವ ಪ್ಯಾಕ್‌ಬಿಟ್ಸ್ ಎಂಬ ಸಂಕ್ಷೇಪಣ ವಿಧಾನವನ್ನು ಬಳಸಲಾಯಿತು. ಬಿಳಿಯ ಜಾಗ ಹೆಚ್ಚಿದ್ದ ರೇಖಾಚಿತ್ರಗಳು ಇದರಿಂದ ಬಹಳ ಕಿರಿದಾಗುತ್ತಿದ್ದವು. ಟಿ/ಮೇಕರ್ ಸಂಸ್ಥೆಯ "ಕ್ಲಿಕ್‌ಆರ್ಟ್" 1984ರಲ್ಲಿಯೇ ಮ್ಯಾಕ್‌ಪೇಂಟ್ ರೂಪದ ಚಿತ್ರಗಳನ್ನು ಮಾರತೊಡಗಿತು.

ಕಾಗದದ ಚಿತ್ರವನ್ನು ಗಣಕಕ್ಕೆ ಏರಿಸುವ ಸಾಧನಗಳೂ ಕ್ರಮೇಣ ಅಗ್ಗವಾದವು. 1984ರ ಕೊನೆಯಲ್ಲಿ ಬಂದ ಥಂಡರ್‌ಸ್ಕ್ಯಾನ್ ಒಂದು ಜಾಣ ಉಪಾಯ. ಆಪಲ್‌ನ ಇಮೇಜ್‌ರೈಟರ್ ಮುದ್ರಕದಿಂದ ಶಾಯಿಪಟ್ಟಿಯನ್ನು ತೆಗೆದು, ಆ ಜಾಗದಲ್ಲಿ ಬೆಳಕು ಗ್ರಹಿಸುವ ಭಾಗವನ್ನು ಕೂರಿಸಿದರೆ ಮುದ್ರಕವೇ ಸ್ಕ್ಯಾನರ್ ಆಗುತ್ತಿತ್ತು. ಚಿತ್ರದ ಹಾಳೆ ಸುರುಳಿಯಲ್ಲಿ ಸರಿಯುತ್ತಿದ್ದಂತೆ ಸಾಲುಸಾಲಾಗಿ ಓದುವ ಈ ವಿಧಾನ ನಿಧಾನದ್ದು. ಆದರೆ ಆ ದಿನಗಳ ಬೇರೆ ಸ್ಕ್ಯಾನರುಗಳ ಬೆಲೆಯೊಂದಿಗೆ ಹೋಲಿಸಿದರೆ ಇದರ ಬೆಲೆ ಅಲ್ಪ. ಡೋವರ್ ಪುಸ್ತಕಗಳ ಚಿತ್ರಗಳು ಗಣಕಕ್ಕೆ ಬಂದದ್ದು ಬಹುಮಟ್ಟಿಗೆ ಇಂತಹ ಉಪಕರಣಗಳಿಂದಲೇ. ಅಮಿಗಾ ಗಣಕಕ್ಕೆ 1985ರಲ್ಲಿ ಬಂದ ಡಿಲಕ್ಸ್ ಪೇಂಟ್, ಐಬಿಎಂ ಪಿಸಿಯ ಪಿಸಿ ಪೇಂಟ್‌ಬ್ರಷ್ ಮುಂತಾದವು ಬಣ್ಣದ ಚಿತ್ರಗಳಿಗೆ ದಾರಿ ಮಾಡಿದವು.

ಹಂಚಿಕೆಯ ಜಾಲಗಳ ಪಾತ್ರವೂ ಇಲ್ಲಿ ಮುಖ್ಯ. ಬಳಕೆದಾರರ ಸಂಘಗಳು ಸಭೆ ಸೇರಿದಾಗ ತಟ್ಟೆಗಳನ್ನು ಪ್ರತಿ ಮಾಡಿಕೊಳ್ಳುತ್ತಿದ್ದವು. ಅಮೆರಿಕದ ಪಿಸಿ-ಸಿಗ್ ಎಂಬ ಸಂಸ್ಥೆ ಉಚಿತ ಹಂಚಿಕೆಯ ತಂತ್ರಾಂಶ ಮತ್ತು ಚಿತ್ರಗಳನ್ನು ಸಂಖ್ಯೆ ಹಾಕಿದ ತಟ್ಟೆಗಳಲ್ಲಿ ಜೋಡಿಸಿ, ತಟ್ಟೆಗೆ ಸುಮಾರು 6 ಡಾಲರಿನಂತೆ ಅಂಚೆಯ ಮೂಲಕ ಕಳಿಸುತ್ತಿತ್ತು. ಇಲ್ಲಿ ಬೆಲೆ ಚಿತ್ರದ್ದಲ್ಲ, ತಟ್ಟೆ ಮತ್ತು ಪ್ರತಿ ಮಾಡುವ ಕೆಲಸದ್ದು. ದೂರವಾಣಿ ತಂತಿಯ ಮೂಲಕ ಚಿತ್ರ ಕಳಿಸುವವರಿಗಾಗಿ ಕಂಪ್ಯೂಸರ್ವ್ ಸಂಸ್ಥೆ 1987ರಲ್ಲಿ ಜಿಫ್ ರೂಪವನ್ನು ಹೊರತಂದಿತು. ಬೇರೆ ಬೇರೆ ತಯಾರಿಕೆಯ ಗಣಕಗಳು ಒಂದೇ ಚಿತ್ರಕಡತವನ್ನು ಓದುವಂತಾದದ್ದು ಇದರಿಂದ. ಆದರೆ ಜಿಫ್ ಬಳಸುವ ಸಂಕ್ಷೇಪಣ ವಿಧಾನಕ್ಕೆ ಯೂನಿಸಿಸ್ ಸಂಸ್ಥೆಯ ಪೇಟೆಂಟ್ ಇದ್ದು, 1994ರ ಕೊನೆಯಲ್ಲಿ ಶುಲ್ಕದ ಬೇಡಿಕೆ ಬಂದಿತು. ಅದರ ಪ್ರತಿಕ್ರಿಯೆಯಾಗಿ 1996ರಲ್ಲಿ ಪಿಎನ್‌ಜಿ ರೂಪ ಹುಟ್ಟಿತು.

ರೇಖಾಗಣಿತದ ಚಿತ್ರಗಳು ಮತ್ತು ಸಿಡಿ

ಚುಕ್ಕಿಗಳ ಚಿತ್ರವನ್ನು ಹಿಗ್ಗಿಸಿದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಇದಕ್ಕೆ ಪರಿಹಾರವೆಂದರೆ ವೆಕ್ಟರ್ ಚಿತ್ರ. ಇದರಲ್ಲಿ ಚುಕ್ಕಿಗಳ ಬದಲು ಗೆರೆ ಮತ್ತು ವಕ್ರರೇಖೆಗಳ ಗಣಿತ ವಿವರಣೆ ಇರುವುದರಿಂದ ಹೆಬ್ಬೆಟ್ಟಿನ ಗಾತ್ರದ ಚಿತ್ರವನ್ನು ಗೋಡೆಯಗಲಕ್ಕೆ ಹಿಗ್ಗಿಸಿದರೂ ಅಂಚು ನುಣುಪಾಗಿಯೇ ಉಳಿಯುತ್ತದೆ. 1987ರ ಅಡೋಬಿ ಇಲಸ್ಟ್ರೇಟರ್, 1989ರ ಕೋರೆಲ್‌ಡ್ರಾ ಈ ಬಗೆಯ ಚಿತ್ರರಚನೆಯನ್ನು ಸಾಮಾನ್ಯ ಗಣಕಗಳಿಗೆ ತಂದವು. ಕೆನಡಾದ ಕೋರೆಲ್ ಸಂಸ್ಥೆ ತನ್ನ ತಂತ್ರಾಂಶದ ಜೊತೆಯಲ್ಲೇ ಸಾವಿರಾರು ಚಿತ್ರಗಳ ಸಿಡಿಯನ್ನೂ, ಅವುಗಳ ಪುಟ್ಟ ಪ್ರತಿಗಳನ್ನು ಸಾಲಾಗಿ ಅಚ್ಚು ಮಾಡಿದ ದಪ್ಪ ಪುಸ್ತಕವನ್ನೂ ಕೊಡುತ್ತಿತ್ತು. ಪುಸ್ತಕ ತಿರುವಿ ಗಿರಾಕಿಗೆ ಚಿತ್ರ ತೋರಿಸಿ, ಸಿಡಿಯಿಂದ ಆ ಸಂಖ್ಯೆಯ ಕಡತವನ್ನು ತೆಗೆಯುವ ಅನುಕೂಲ ಇದರಿಂದ ಒದಗಿತು.

650 ಮೆಗಾಬೈಟಿನ ಒಂದು ಸಿಡಿಯಲ್ಲಿ 1.44 ಮೆಗಾಬೈಟಿನ ಸುಮಾರು 450 ಫ್ಲಾಪಿಗಳ ಸರಕು ಹಿಡಿಯುತ್ತದೆ. ಸಿಡಿ ಬಂದ ಮೇಲೆ ಒಂದೊಂದು ಚಿತ್ರದ ಬೆಲೆ ಪೈಸೆಗಳಿಗೆ ಇಳಿಯಿತು. ಪೆಟ್ಟಿಗೆಯ ಮೇಲೆ ಲಕ್ಷಕ್ಕೂ ಮೀರಿದ ಚಿತ್ರಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಹಾಕಿ ಮಾರುವ ಪೈಪೋಟಿ 1990ರ ದಶಕದಲ್ಲಿ ನಡೆಯಿತು. ಸಂಖ್ಯೆ ಏರಿದಂತೆ ಗುಣ ಏರಲಿಲ್ಲ. ಒಂದೇ ಚಿತ್ರದ ಬಣ್ಣ ಬದಲಿಸಿದ ಪ್ರತಿಗಳೂ ಆ ಲೆಕ್ಕದಲ್ಲಿ ಸೇರುತ್ತಿದ್ದವು.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ 1980ರ ದಶಕದ ಮೊದಲರ್ಧದವರೆಗೆ ಗಣಕವು ಮನೆಯ ವಸ್ತುವಾಗಿರಲಿಲ್ಲ. 1984ರ ನವೆಂಬರಿನ ಹೊಸ ಗಣಕ ನೀತಿ ಆಮದು ಮತ್ತು ತಯಾರಿಕೆಯ ನಿರ್ಬಂಧಗಳನ್ನು ಸಡಿಲಿಸಿತು. ಅದೇ ಅವಧಿಯಲ್ಲಿ ಕೇಂದ್ರ ಸರ್ಕಾರದ "ಕ್ಲಾಸ್" ಯೋಜನೆಯಡಿ ಮೊದಲ ಹಂತದಲ್ಲಿ ದೇಶದ 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಗಣಕಗಳು ಬಂದವು. ಭಾರತದಲ್ಲಿಯೇ ಜೋಡಿಸಿದ ಸ್ಪೆಕ್ಟ್ರಮ್ ಗಣಕಗಳೂ ಮಾರಾಟವಾದವು. ಆದರೂ ವಿದೇಶದ ಚಿತ್ರತಟ್ಟೆಗಳನ್ನು ಡಾಲರು ತೆತ್ತು ತರಿಸುವುದು ಬಹುಪಾಲು ಜನರಿಗೆ ಎಟುಕದ ಮಾತಾಗಿತ್ತು.

ಕರ್ನಾಟಕದಲ್ಲಿ ಕ್ಲಿಪ್ ಆರ್ಟ್ ಜನಬಳಕೆಗೆ ಬಂದದ್ದು ಮನೆಯ ಗಣಕದಿಂದಲ್ಲ, ಡಿಟಿಪಿ ಕೇಂದ್ರದಿಂದ. ಇದು ಪಾಶ್ಚಾತ್ಯ ದೇಶಗಳಿಗೂ ಇಲ್ಲಿಗೂ ಇರುವ ಮುಖ್ಯ ವ್ಯತ್ಯಾಸ. ಅಲ್ಲಿ ಮನೆಮನೆಯ ಮುದ್ರಕದಲ್ಲಿ ತಯಾರಾದ ಶುಭಾಶಯ ಪತ್ರ ಇಲ್ಲಿ ಬಸ್ ನಿಲ್ದಾಣದ ಬಳಿಯ, ಕೋರ್ಟು ಕಚೇರಿಯ ಎದುರಿನ ಸಣ್ಣ ಕೋಣೆಯಲ್ಲಿ ತಯಾರಾಯಿತು. ಒಂದು ಗಣಕ, ಒಂದು ಲೇಸರ್ ಮುದ್ರಕ, ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾ ತಂತ್ರಾಂಶ, ಜೊತೆಗೊಂದು ಕನ್ನಡ ಅಕ್ಷರದ ತಂತ್ರಾಂಶ ಇಷ್ಟಿದ್ದರೆ ಕೇಂದ್ರ ನಡೆಯುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆ ಗಣಕದ ಬಿಡಿಭಾಗಗಳಿಗೂ ತಟ್ಟೆಗಳಿಗೂ ರಾಜ್ಯದ ದೊಡ್ಡ ಮಾರುಕಟ್ಟೆಯಾಗಿ ಬೆಳೆಯಿತು. ಚಿತ್ರಸಂಗ್ರಹದ ಸಿಡಿಗಳು ಪ್ರತಿಯಿಂದ ಪ್ರತಿಯಾಗಿ ಕೈಯಿಂದ ಕೈಗೆ ಸಾಗುತ್ತಿದ್ದವು; ಮೂಲ ಪರವಾನಗಿ ಪತ್ರ ಜೊತೆಯಲ್ಲಿ ಸಾಗುತ್ತಿದ್ದುದು ಅಪರೂಪ.

ಆದರೆ ಸಿಡಿಯಲ್ಲಿದ್ದದ್ದು ಯಾರ ಲೋಕ? ಕ್ರಿಸ್‌ಮಸ್ ಮರ, ಹಿಮದ ಮನುಷ್ಯ, ಬೇಸ್‌ಬಾಲ್ ಆಟಗಾರ, ಸೂಟು ತೊಟ್ಟ ಗುಮಾಸ್ತ ಇವರೇ ಹೆಚ್ಚು. ರೈತನ ಚಿತ್ರ ಹುಡುಕಿದರೆ ಟ್ರಾಕ್ಟರಿನ ಮೇಲೆ ಅಗಲ ಅಂಚಿನ ಟೋಪಿಯವನು ಸಿಗುತ್ತಿದ್ದ; ಎತ್ತಿನ ಬಂಡಿ ಸಿಗುತ್ತಿರಲಿಲ್ಲ. ಮದುವೆಗೆ ಬಿಳಿ ನಿಲುವಂಗಿಯ ವಧುವಿದ್ದಳು. ಬಾಸಿಂಗ ಕಟ್ಟಿದವಳು ಇರಲಿಲ್ಲ. ಮಾವಿನ ತೋರಣ, ಪೂರ್ಣಕುಂಭ, ಓಲಗ, ರಥ ಇವುಗಳ ಕೊರತೆಯನ್ನು ತುಂಬಿಕೊಟ್ಟವರು ಬಹುಮಟ್ಟಿಗೆ ಭಾರತೀಯ ಭಾಷಾ ತಂತ್ರಾಂಶ ತಯಾರಕರು ಮತ್ತು ಹೆಸರು ದಾಖಲಾಗದ ಊರೂರಿನ ಡಿಟಿಪಿ ಕೆಲಸಗಾರರು. ಹಳೆಯ ಲಗ್ನಪತ್ರಿಕೆಯ ಗಣಪತಿಯನ್ನು ಸ್ಕ್ಯಾನ್ ಮಾಡಿ, ಕೋರೆಲ್‌ಡ್ರಾದಲ್ಲಿ ಅದರ ಮೇಲೆ ಗೆರೆ ಎಳೆದು ವೆಕ್ಟರ್ ಚಿತ್ರವಾಗಿಸುವ ಕೆಲಸವನ್ನು ಅವರು ಮಾಡಿದರು. ಹೀಗೆ ಮೊಳೆಯಚ್ಚಿನ ಕಾಲದ ಬ್ಲಾಕಿನ ಚಿತ್ರಗಳಲ್ಲಿ ಕೆಲವು ಇಂದಿಗೂ ಗಣಕದ ಕಡತಗಳಲ್ಲಿ ಬಾಳುತ್ತಿವೆ, ಮೂಲ ಕಲಾವಿದನ ಗುರುತು ಮಾತ್ರ ಎರಡೆರಡು ಬಾರಿ ಅಳಿಸಿಹೋಗಿದೆ.

ಚಿಹ್ನೆಗಳ ಫಾಂಟುಗಳು

ಭಾರತೀಯ ಭಾಷೆಗಳ ಡಿಟಿಪಿಯಲ್ಲಿ ಕ್ಲಿಪ್ ಆರ್ಟ್ ಪಡೆದ ವಿಶಿಷ್ಟ ರೂಪವೆಂದರೆ ಚಿಹ್ನೆಗಳ ಫಾಂಟು. ಅಕ್ಷರದ ಜಾಗದಲ್ಲಿ ಚಿತ್ರವನ್ನು ಕೂರಿಸಿದ ಫಾಂಟುಗಳಿಗೆ ಪಶ್ಚಿಮದಲ್ಲಿ ಜಾಫ್ ಡಿಂಗ್‌ಬ್ಯಾಟ್ಸ್, ವಿಂಗ್‌ಡಿಂಗ್ಸ್ ಪ್ರಸಿದ್ಧ ಉದಾಹರಣೆಗಳು. ಕೀಲಿಯೊಂದನ್ನು ಒತ್ತಿದರೆ ಕತ್ತರಿ, ಮತ್ತೊಂದನ್ನು ಒತ್ತಿದರೆ ದೂರವಾಣಿ ಮೂಡುತ್ತದೆ. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿಯಂತಹ ತಂತ್ರಾಂಶಗಳು ಕನ್ನಡ ಅಕ್ಷರಗಳ ಜೊತೆಗೆ ಅಲಂಕಾರಿಕ ಅಂಚು ಮತ್ತು ಚಿಹ್ನೆಗಳನ್ನೂ ಒದಗಿಸಿದವು. ಈ ವಿಧಾನದಲ್ಲಿ ಹಲವು ಲಾಭಗಳಿದ್ದವು. ಫಾಂಟಿನ ಅಕ್ಷರ ಸ್ವಭಾವತಃ ವೆಕ್ಟರ್ ಆದುದರಿಂದ ಯಾವ ಗಾತ್ರಕ್ಕೂ ಹಿಗ್ಗುತ್ತದೆ. ಚಿತ್ರಕ್ಕೆ ಬೇರೆ ಕಡತ ಬೇಕಿಲ್ಲ. ಚಿತ್ರ ತೆರೆಯಲು ತಿಣುಕುವ ಕಡಿಮೆ ಸ್ಮೃತಿಯ ಗಣಕದಲ್ಲಿಯೂ ಅಕ್ಷರದಷ್ಟೇ ಸಲೀಸಾಗಿ ಬರುತ್ತದೆ. ಸಾಲಿನ ಉದ್ದಕ್ಕೂ ಒಂದೇ ಕೀಲಿಯನ್ನು ಒತ್ತುತ್ತ ಹೋದರೆ ತೋರಣದಂತಹ ಅಂಚು ಸಿದ್ಧವಾಗುತ್ತದೆ.

ದೋಷವೂ ಅಷ್ಟೇ ದೊಡ್ಡದು. ಗಣಕಕ್ಕೆ ಅದು ಗಣಪತಿಯಲ್ಲ, ಇಂಗ್ಲಿಷಿನ ಯಾವುದೋ ಒಂದು ಅಕ್ಷರ. ಗಣಪತಿಯ ಆಕಾರ ಇರುವುದು ಫಾಂಟಿನಲ್ಲಿ ಮಾತ್ರ. ಆ ಫಾಂಟು ಇಲ್ಲದ ಗಣಕದಲ್ಲಿ ಕಡತ ತೆರೆದರೆ ಪತ್ರಿಕೆಯ ನೆತ್ತಿಯ ಮೇಲೆ ಒಂಟಿ ಇಂಗ್ಲಿಷ್ ಅಕ್ಷರ ಕೂತಿರುತ್ತದೆ. ಯೂನಿಕೋಡ್‌ಗೂ ಮೊದಲಿನ ಕನ್ನಡ ಪಠ್ಯಗಳಿಗೂ ಇದೇ ಸಮಸ್ಯೆ ಇತ್ತು, ಏಕೆಂದರೆ ಒಂದೊಂದು ತಂತ್ರಾಂಶವೂ ತನ್ನದೇ ಸಂಕೇತ ಕ್ರಮವನ್ನು ಬಳಸುತ್ತಿತ್ತು. ಕನ್ನಡ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ನಂತರ ಬಂದವು. ಚಿಹ್ನೆಗಳಿಗೆ ಹಾಗೆ ಬದಲಿಸಲು ಯೂನಿಕೋಡಿನಲ್ಲಿ ಸಮಾನವಾದ ಸಂಕೇತಗಳೇ ಇಲ್ಲದಿರುವುದರಿಂದ ಹಳೆಯ ಕಡತಗಳ ಅಲಂಕಾರ ಮೂಲ ಫಾಂಟಿನೊಂದಿಗೇ ಉಳಿಯಬೇಕು, ಇಲ್ಲವೇ ಅಳಿಯಬೇಕು. ಮುದ್ರಣದ ಹಂತದಲ್ಲಿ ಅಕ್ಷರಗಳನ್ನು ವಕ್ರರೇಖೆಗಳಾಗಿ ಪರಿವರ್ತಿಸಿ ಉಳಿಸಿದ ಕಡತಗಳಿಗೆ ಈ ತೊಂದರೆ ಇಲ್ಲ.

ಕನ್ನಡ ಅಕ್ಷರಗಳ ವಿಷಯದಲ್ಲಿ ಉಚಿತ ಹಂಚಿಕೆಯ ಪರಂಪರೆ ಬೇಗ ಬೆಳೆಯಿತು. ಕೆ.ಪಿ. ರಾವ್ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ರೂಪಿಸಿದ "ಸೇಡಿಯಾಪು" ತಂತ್ರಾಂಶ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ "ಬರಹ", ಕನ್ನಡ ಗಣಕ ಪರಿಷತ್ತಿನ "ನುಡಿ" ಇವು ಉಚಿತವಾಗಿ ದೊರೆತು ಕನ್ನಡದ ಗಣಕ ಬಳಕೆಯನ್ನು ವಿಸ್ತರಿಸಿದವು. ಚಿತ್ರಗಳಿಗೆ ಅಂತಹ ಸಾಂಘಿಕ ಪ್ರಯತ್ನದ ಬೆಂಬಲ ದೊರೆಯಲಿಲ್ಲ.

ಹಕ್ಕು ಮತ್ತು ಪರವಾನಗಿ

ಕ್ಲಿಪ್ ಆರ್ಟ್ ಪೆಟ್ಟಿಗೆಗಳ ಮೇಲೆ ಕಾಣುವ "ರಾಯಲ್ಟಿ ಫ್ರೀ" ಎಂಬ ಮಾತನ್ನು ಉಚಿತ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಒಮ್ಮೆ ಬೆಲೆ ತೆತ್ತ ನಂತರ ಪ್ರತಿ ಬಳಕೆಗೂ ರಾಯಧನ ಕೊಡಬೇಕಿಲ್ಲ ಎಂಬುದಷ್ಟೇ ಅದರ ಅರ್ಥ. ಕೊಂಡವರು ಚಿತ್ರವನ್ನು ಕರಪತ್ರದಲ್ಲಿ ಬಳಸಬಹುದು. ಚಿತ್ರಸಂಗ್ರಹವನ್ನೇ ಮತ್ತೆ ಪ್ರತಿ ಮಾಡಿ ಮಾರುವಂತಿಲ್ಲ. ತಮ್ಮ ವ್ಯಾಪಾರ ಮುದ್ರೆಯಾಗಿ ಬಳಸುವುದನ್ನೂ ಬಹುಪಾಲು ಪರವಾನಗಿಗಳು ನಿಷೇಧಿಸುತ್ತವೆ.

ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆ ಅನ್ವಯಿಸುತ್ತದೆ. ಕಲಾಕೃತಿಯ ಹಕ್ಕು ಕಲಾವಿದನ ಜೀವಿತಾವಧಿ ಮತ್ತು ಆತ ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಉಳಿಯುತ್ತದೆ. ಕಲಾವಿದನ ಹೆಸರಿಲ್ಲದೆ ಪ್ರಕಟವಾದ ಕೃತಿಗೆ ಪ್ರಕಟಣೆಯಿಂದ 60 ವರ್ಷ. ಈ ಲೆಕ್ಕದಂತೆ 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮರ ಸರಸ್ವತಿ, ಲಕ್ಷ್ಮಿಯರ ಚಿತ್ರಗಳು ಸಾರ್ವಜನಿಕ ಸ್ವತ್ತಾಗಿವೆ. ಇತ್ತೀಚಿನ ಕ್ಯಾಲೆಂಡರಿನ ದೇವರ ಚಿತ್ರ ಹಾಗಲ್ಲ. ದೇವರು ಎಲ್ಲರವನಾದರೂ ಚಿತ್ರ ಬರೆದವರ ಹಕ್ಕು ಬರೆದವರದೇ.

ಹಕ್ಕಿನ ಅವಧಿ ಮುಗಿದ ಮಾತ್ರಕ್ಕೆ ಎಲ್ಲ ಬಳಕೆಯೂ ಮುಕ್ತವೆಂದಲ್ಲ. 1950ರ ಲಾಂಛನ ಮತ್ತು ಹೆಸರುಗಳ ಕಾಯಿದೆಯು ಮಹಾತ್ಮ ಗಾಂಧಿಯವರ ಚಿತ್ರವನ್ನು ವಾಣಿಜ್ಯ ಉದ್ದೇಶಕ್ಕೆ ಅನುಮತಿಯಿಲ್ಲದೆ ಬಳಸುವುದನ್ನು ತಡೆಯುತ್ತದೆ. ಸಾರನಾಥದ ಸಿಂಹಶೀರ್ಷವಿರುವ ರಾಷ್ಟ್ರಲಾಂಛನದ ಬಳಕೆಯನ್ನು 2005ರ ಮತ್ತೊಂದು ಕಾಯಿದೆ ನಿರ್ಬಂಧಿಸುತ್ತದೆ. ಇವೆರಡೂ ಚಿತ್ರಸಂಗ್ರಹಗಳಲ್ಲಿ ಸುಲಭವಾಗಿ ಸಿಗುವ ಚಿತ್ರಗಳೇ ಆದುದರಿಂದ ಅಂಗಡಿಯ ಫಲಕ, ಸಂಘದ ಚೀಟಿ ಸಿದ್ಧಪಡಿಸುವವರು ಇದನ್ನು ಗಮನಿಸಬೇಕಾಗುತ್ತದೆ.

ಸಂಗನಕಲ್ಲಿನ ಬಂಡೆಚಿತ್ರಗಳ ಉದಾಹರಣೆ

ಮೂಲಚಿತ್ರದ ಹಕ್ಕು ಬೇರೆ, ಅದರ ಪ್ರತಿಯ ಹಕ್ಕು ಬೇರೆ ಎಂಬುದಕ್ಕೆ ಬಳ್ಳಾರಿ ನಗರದ ಸಮೀಪದ ಸಂಗನಕಲ್ಲು ಮತ್ತು ಕಪ್ಪಗಲ್ಲು ಪರಿಸರದ ಬಂಡೆಚಿತ್ರಗಳು ಸ್ಪಷ್ಟ ಉದಾಹರಣೆ. ನವಶಿಲಾಯುಗದ ನೆಲೆಯಾದ ಈ ಬೆಟ್ಟಗಳಲ್ಲಿ, ಮುಖ್ಯವಾಗಿ ಕಪ್ಪು ಡಾಲರೈಟ್ ಶಿಲೆಯ ಗುಂಡುಗಳ ಮೇಲೆ, ಹಿಣಿಲುಳ್ಳ ಗೂಳಿಗಳು, ಮನುಷ್ಯರು ಮೊದಲಾದ ಆಕೃತಿಗಳನ್ನು ಕಲ್ಲಿನಿಂದ ಕುಟ್ಟಿ ಮೂಡಿಸಲಾಗಿದೆ. ಕಲ್ಲಿನ ಕಪ್ಪು ಮೇಲ್ಪದರ ಏಟಿಗೆ ಎದ್ದು, ಒಳಗಿನ ತಿಳಿಬಣ್ಣ ಕಾಣಿಸಿಕೊಂಡು ಚಿತ್ರವಾಗಿದೆ. ಬಣ್ಣ ಎರಡೇ, ಇಡೀ ದೇಹ ತುಂಬಿದ ಒಂದೇ ಆಕಾರ, ಕೊಂಬು, ಹಿಣಿಲು, ಬಾಲ ಇಷ್ಟರಿಂದಲೇ ಎತ್ತು ಗುರುತಾಗುತ್ತದೆ. ಚುಕ್ಕಿಗೊಂದು ಬಿಟ್ ಮಾತ್ರ ದೊರೆಯುತ್ತಿದ್ದ ಆರಂಭಿಕ ಗಣಕದ ಚಿತ್ರಕಾರನಿಗೆ ಇದಕ್ಕಿಂತ ಒಪ್ಪುವ ಮಾದರಿ ಸಿಗುವುದು ಕಷ್ಟ.

ಈ ಚಿತ್ರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸರ ಗಮನಕ್ಕೆ ಬಂದವು, ಎಫ್. ಫಾಸೆಟ್ 1892ರಲ್ಲಿ ಇವುಗಳ ಕುರಿತು ಬರೆದರು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ರವಿ ಕೋರಿಶೆಟ್ಟರ್, ನಿಕೋಲ್ ಬಾಯ್ವಿನ್ ಮೊದಲಾದವರ ತಂಡ ಇವುಗಳನ್ನು ಮತ್ತೆ ಅಧ್ಯಯನ ಮಾಡಿತು. ಬಡಿದರೆ ಗಂಟೆಯಂತೆ ನಾದ ಹೊಮ್ಮಿಸುವ ಬಂಡೆಗಳೂ ಅಲ್ಲಿರುವುದನ್ನು ಬಾಯ್ವಿನ್ 2004ರ ಪ್ರಬಂಧದಲ್ಲಿ ಚರ್ಚಿಸಿದ್ದಾರೆ. ಕಲ್ಲು ಗಣಿಗಾರಿಕೆಯಿಂದ ಈ ನೆಲೆಗೆ ಒದಗಿರುವ ಅಪಾಯವನ್ನು ಸಂಶೋಧಕರು ಎತ್ತಿ ಹೇಳಿದ್ದಾರೆ. ಸಂಗನಕಲ್ಲಿನ ಶೋಧಗಳನ್ನು ಪ್ರದರ್ಶಿಸುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯ ಬಳ್ಳಾರಿಯಲ್ಲಿದೆ.

ಸಾವಿರಾರು ವರ್ಷಗಳ ಹಿಂದೆ ಕುಟ್ಟಿದ ಗೂಳಿಗೆ ಕೃತಿಸ್ವಾಮ್ಯವಿಲ್ಲ. ಆದರೆ ಅದರ ಛಾಯಾಚಿತ್ರ ಹೊಸ ಕೃತಿ. ಅದರ ಹಕ್ಕು ಛಾಯಾಗ್ರಾಹಕರದು. ಪುಸ್ತಕದಲ್ಲಿ ಅಚ್ಚಾದ ಛಾಯಾಚಿತ್ರವನ್ನು ಸ್ಕ್ಯಾನ್ ಮಾಡಿ ಹಂಚುವವರು ಗೂಳಿಯನ್ನಲ್ಲ, ಛಾಯಾಚಿತ್ರವನ್ನು ಪ್ರತಿ ಮಾಡುತ್ತಾರೆ. ಶಾಲೆಯ ಸಂಚಿಕೆಗೆ ಈ ಗೂಳಿಯ ಚಿತ್ರ ಬೇಕಾದವರು ಸ್ವತಃ ಛಾಯಾಚಿತ್ರ ತೆಗೆದು ಅದರ ಮೇಲೆ ಗಣಕದಲ್ಲಿ ಗೆರೆ ಎಳೆದುಕೊಳ್ಳುವುದು, ಇಲ್ಲವೇ ಮುಕ್ತ ಪರವಾನಗಿಯ ಛಾಯಾಚಿತ್ರವನ್ನು ಷರತ್ತಿಗೆ ಅನುಗುಣವಾಗಿ ಬಳಸುವುದು ಕ್ರಮವಾದ ದಾರಿ. ಬಂಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ತಿದ್ದಿ ಛಾಯಾಚಿತ್ರ ತೆಗೆಯುವ ಹಳೆಯ ಅಭ್ಯಾಸ ಚಿತ್ರಕ್ಕೆ ಹಾನಿ ಮಾಡುವುದರಿಂದ ಪುರಾತತ್ವಜ್ಞರು ಅದನ್ನು ಕೈಬಿಟ್ಟಿದ್ದಾರೆ. ಓರೆ ಬೆಳಕಿನಲ್ಲಿ ತೆಗೆದು, ಗಣಕದಲ್ಲಿ ಬಣ್ಣದ ಅಂತರವನ್ನು ಹೆಚ್ಚಿಸಿದರೆ ಆಕಾರ ಸ್ಪಷ್ಟವಾಗುತ್ತದೆ.

ಅಂತರಜಾಲದ ಕಾಲ

1990ರ ದಶಕದ ಕೊನೆಯಿಂದ ಚಿತ್ರಗಳು ಸಿಡಿಯನ್ನು ಬಿಟ್ಟು ಅಂತರಜಾಲಕ್ಕೆ ಸೇರಿದವು. ಮೈಕ್ರೋಸಾಫ್ಟ್ ತನ್ನ ಆಫೀಸ್ ತಂತ್ರಾಂಶದ ಬಳಕೆದಾರರಿಗೆ ಜಾಲದ ಮೂಲಕ ಒದಗಿಸುತ್ತಿದ್ದ ಕ್ಲಿಪ್ ಆರ್ಟ್ ಸಂಗ್ರಹವನ್ನು 2014ರ ಡಿಸೆಂಬರಿನಲ್ಲಿ ನಿಲ್ಲಿಸಿ, ಬಿಂಗ್ ಚಿತ್ರಶೋಧವನ್ನು ಅದರ ಜಾಗಕ್ಕೆ ತಂದಿತು. 2004ರಲ್ಲಿ ಜಾನ್ ಫಿಲಿಪ್ಸ್ ಮತ್ತು ಬ್ರೈಸ್ ಹ್ಯಾರಿಂಗ್‌ಟನ್ ಆರಂಭಿಸಿದ ಓಪನ್ ಕ್ಲಿಪ್ ಆರ್ಟ್ ಲೈಬ್ರರಿಯಲ್ಲಿ ಕಲಾವಿದರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟು ಎಸ್‌ವಿಜಿ ರೂಪದ ವೆಕ್ಟರ್ ಚಿತ್ರಗಳನ್ನು ಸೇರಿಸುತ್ತಾರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಕಿಮೀಡಿಯ ಕಾಮನ್ಸ್ ಆರಂಭವಾಯಿತು. ಇವುಗಳ ಚಿತ್ರಗಳನ್ನು ಕೋರೆಲ್‌ಡ್ರಾದ ಬದಲಿಗೆ ಉಚಿತ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿಯೂ ತಿದ್ದಬಹುದು. ಕಾಮನ್ಸ್‌ನಲ್ಲಿ ಚಿತ್ರದ ಕೆಳಗೆ ಪರವಾನಗಿಯ ವಿವರ ಇರುತ್ತದೆ: ಕೆಲವಕ್ಕೆ ಕರ್ತೃವಿನ ಹೆಸರು ನಮೂದಿಸಬೇಕು, ಕೆಲವನ್ನು ಬದಲಿಸಿ ಹಂಚುವುದಾದರೆ ಅದೇ ಪರವಾನಗಿಯಲ್ಲಿ ಹಂಚಬೇಕು, ಸಾರ್ವಜನಿಕ ಸ್ವತ್ತಿಗೆ ಇಂತಹ ಷರತ್ತಿಲ್ಲ.

ಹಳೆಯ ಗಣಕಗಳ ಚಿತ್ರಗಳು ಈಗ ಸಂಗ್ರಾಹಕರ ಆಸಕ್ತಿಯ ವಸ್ತುಗಳು. ಫ್ಲಾಪಿಯ ಕಾಂತೀಯ ಲೇಪ ಕಾಲಕ್ರಮದಲ್ಲಿ ಕ್ಷೀಣಿಸುವುದರಿಂದ ತಟ್ಟೆಗಳನ್ನು ಬಿಟ್ ಬಿಟ್ಟಾಗಿ ಓದಿ ಪ್ರತಿರೂಪ ಕಡತಗಳಾಗಿ ಉಳಿಸುವ ಕೆಲಸ ಹಲವೆಡೆ ನಡೆದಿದೆ. ಇಂತಹ ಕಡತಗಳನ್ನು ಎಮ್ಯುಲೇಟರ್ ಎಂಬ ಅನುಕರಣ ತಂತ್ರಾಂಶದಲ್ಲಿ ತೆರೆದು ಪ್ರಿಂಟ್ ಶಾಪ್ ಅಥವಾ ಮ್ಯಾಕ್‌ಪೇಂಟ್‌ನ ಚಿತ್ರಗಳನ್ನು ಮೂಲ ಅಳತೆಯಲ್ಲಿ ನೋಡಬಹುದು. ಕನ್ನಡ ಡಿಟಿಪಿ ಕೇಂದ್ರಗಳ ಫ್ಲಾಪಿ ಮತ್ತು ಸಿಡಿಗಳಲ್ಲಿರುವ ಕೋರೆಲ್‌ಡ್ರಾ, ಪೇಜ್‌ಮೇಕರ್ ಕಡತಗಳನ್ನು ಉಳಿಸಲು ಅವುಗಳ ಜೊತೆಗೆ ಅಂದಿನ ಫಾಂಟುಗಳನ್ನೂ ಉಳಿಸಬೇಕಾಗುತ್ತದೆ. ಪಿಡಿಎಫ್ ಅಥವಾ ಎಸ್‌ವಿಜಿ ರೂಪಕ್ಕೆ ಬದಲಿಸುವಾಗ ಆ ಫಾಂಟುಗಳು ಗಣಕದಲ್ಲಿ ಇಲ್ಲದಿದ್ದರೆ ಅಕ್ಷರವೂ ಚಿತ್ರವೂ ಒಟ್ಟಿಗೆ ಕೈತಪ್ಪುತ್ತವೆ.